ಸಹಾಯ ಮಾತೆಯ ಚಿತ್ರದಲ್ಲಿ ಶಿಲುಬೆ ಹೊತ್ತ ದೂತರು: ಪವಿತ್ರ ಚಿತ್ರಗಳ ಸಂಕೇತ ಮತ್ತು ಅರ್ಥ

ಕನ್ನಡ ನಾಡಿನ ಕಥೋಲಿಕ ಮನೆಗಳಲ್ಲಿ ಅತಿ ಹೆಚ್ಚಾಗಿ ಕಾಣುವ ಬೈಜಾಂಟೈನ್ ಪರಂಪರೆಯ ಚಿತ್ರ ಯಾವುದು ಎಂದು ಕೇಳಿದರೆ ಗುರುಮಠದ ವಿದ್ಯಾರ್ಥಿಗಳು ಸಾಮಾನ್ಯವಾಗಿ ತಡವರಿಸುತ್ತಾರೆ. ಐಕಾನ್ ಎಂಬುದು ರಷ್ಯಾ, ಗ್ರೀಸ್ ದೇಶಗಳ ವಸ್ತು, ಧರ್ಮಸಭೆಯ ಇತಿಹಾಸದ ಪಠ್ಯದಲ್ಲಿ ಒಂದು ಅಧ್ಯಾಯ ಎಂಬುದೇ ಅವರ ಭಾವನೆ. ಆದರೆ ಉತ್ತರ ಅವರವರ ಮನೆಯ ಗೋಡೆಯ ಮೇಲೆಯೇ ಇದೆ. ಗುಂಡ್ಲುಪೇಟೆ, ಚಾಮರಾಜನಗರ, ಕೊಳ್ಳೇಗಾಲ ಸೀಮೆಯ ಕ್ರೈಸ್ತ ಮನೆಗಳಲ್ಲಿ ಯೇಸುವಿನ ತಿರುಹೃದಯ, ವೇಳಾಂಕಣಿ ಮಾತೆ, ಸಂತ ಅಂತೋಣಿಯವರ ಪಟಗಳ ನಡುವೆ ಹೊಂಬಣ್ಣದ ಹಿನ್ನೆಲೆಯ ಮತ್ತೊಂದು ಪಟವಿರುತ್ತದೆ. ನಿತ್ಯ ಸಹಾಯ ಮಾತೆ ಎಂದು ನಾವು ಕರೆಯುವ, ಬುಧವಾರದ ನವೇನದಲ್ಲಿ ಪೀಠದ ಬಳಿ ಹೂವಿನಿಂದ ಅಲಂಕರಿಸುವ ಪಟ ಅದು. ಅದೇ ಐಕಾನ್.

ಇದರ ಮೂಲ ಚಿತ್ರವು ರೋಮ್ ನಗರದ ಸಂತ ಅಲ್ಫೋನ್ಸರ ದೇವಾಲಯದಲ್ಲಿದೆ. ಮರದ ಹಲಗೆಯ ಮೇಲೆ ಬರೆದ ಈ ಚಿತ್ರದ ಎತ್ತರ ಸುಮಾರು 54 ಸೆಂಟಿಮೀಟರ್, ಅಗಲ ಸುಮಾರು 41 ಸೆಂಟಿಮೀಟರ್. ಕ್ರೇಟ್ ದ್ವೀಪದ ಚಿತ್ರಶಾಲೆಯ ಶೈಲಿಗೆ ಸೇರಿದ ಇದು 1499ರಿಂದ ರೋಮಿನ ಸಂತ ಮತ್ತಾಯರ ದೇವಾಲಯದಲ್ಲಿತ್ತು. 1798ರಲ್ಲಿ ಫ್ರೆಂಚ್ ಸೇನೆಯ ಆಡಳಿತದಲ್ಲಿ ಆ ದೇವಾಲಯ ನೆಲಸಮವಾದ ಬಳಿಕ ಬಹುಕಾಲ ಮರೆಯಲ್ಲಿತ್ತು. 1866ರಲ್ಲಿ ವಿಶ್ವಗುರು ಒಂಬತ್ತನೆಯ ಪಿಯುಸ್ ಅವರು ಅದನ್ನು ರಿಡೆಂಪ್ಟರಿಸ್ಟ್ ಸಭೆಯ ಗುರುಗಳ ವಶಕ್ಕೆ ಒಪ್ಪಿಸಿದರು. ಆ ಸಭೆಯವರು ಹೋದಲ್ಲೆಲ್ಲ ಅದರ ಪ್ರತಿಗಳೂ ಹೋದವು. ನಮ್ಮ ದೇಶದಲ್ಲಿ ಮುಂಬಯಿಯ ಮಾಹಿಮ್‌ನಲ್ಲಿ 1948ರಲ್ಲಿ ಆರಂಭವಾದ ಬುಧವಾರದ ನವೇನವು ಈ ಭಕ್ತಿಯನ್ನು ಮನೆಮನೆಗೂ ತಲುಪಿಸಿತು. ಹೀಗೆ ಪೂರ್ವದ ಧರ್ಮಸಭೆಯ ಒಂದು ಧ್ಯಾನಚಿತ್ರವು ಲತೀನ್ ಪರಂಪರೆಯ ಗುರುಗಳ ಕೈಯಿಂದ ಬಂಡೀಪುರದ ಕಾಡಂಚಿನ ಹಳ್ಳಿಯವರೆಗೂ ಬಂದಿತು. ಆದರೆ ಚಿತ್ರ ಬಂದಷ್ಟು ಸುಲಭವಾಗಿ ಅದನ್ನು ಓದುವ ವಿಧಾನ ಬರಲಿಲ್ಲ.

ಐಕಾನ್ ಎಂಬುದು ರೂಪ, ಪ್ರತಿರೂಪ ಎಂಬರ್ಥದ ಗ್ರೀಕ್ ಪದ. ಸಂತ ಪೌಲರು ಕೊಲೊಸ್ಸೆಯರಿಗೆ ಬರೆದ ಪತ್ರದಲ್ಲಿ (1:15) ಕ್ರಿಸ್ತರನ್ನು ಕುರಿತು ಬಳಸುವುದು ಇದೇ ಪದವನ್ನು. ಕಣ್ಣಿಗೆ ಕಾಣದ ದೇವರಿಗೆ ಕಾಣುವ ರೂಪ ಅವರೇ. (ಇಂದಿನ ತರುಣರಿಗೆ ಐಕಾನ್ ಎಂದರೆ ಮೊಬೈಲ್ ಪರದೆಯ ಮೇಲೆ ಒತ್ತುವ ಪುಟ್ಟ ಗುರುತು. ನವೇನದ ದಿನ ಕೆಲವರು ಮಾತೆಯ ಪಟವನ್ನೂ ಹಾಗೆಯೇ ಒತ್ತುತ್ತಿರುವಂತೆ ತೋರುತ್ತದೆ. ಒತ್ತಿದೊಡನೆ ವರ ತೆರೆಯಬೇಕು!) ಆದ್ದರಿಂದ ಪವಿತ್ರ ಚಿತ್ರಗಳ ಪ್ರಶ್ನೆ ಅಲಂಕಾರದ ಪ್ರಶ್ನೆಯಾಗಿರಲಿಲ್ಲ, ಅದು ಕ್ರಿಸ್ತರ ಮನುಷ್ಯಾವತಾರದ ಪ್ರಶ್ನೆಯೇ ಆಗಿತ್ತು. ಎಂಟನೆಯ ಶತಮಾನದಲ್ಲಿ ಬೈಜಾಂಟೈನ್ ಚಕ್ರವರ್ತಿಗಳು ಚಿತ್ರಗಳನ್ನು ನಿಷೇಧಿಸಿದಾಗ, ಮುಸ್ಲಿಂ ಆಡಳಿತದ ನಾಡಿನಲ್ಲಿದ್ದ ದಮಸ್ಕಸಿನ ಸಂತ ಯೊವಾನ್ನರು ನೀಡಿದ ಉತ್ತರದ ತಿರುಳು ಇಷ್ಟೆ: ರೂಪವಿಲ್ಲದ ದೇವರನ್ನು ಚಿತ್ರಿಸಲು ಸಾಧ್ಯವಿಲ್ಲ, ಹಳೆಯ ಒಡಂಬಡಿಕೆಯ ನಿಷೇಧಕ್ಕೆ ಅರ್ಥವಿದೆ, ಆದರೆ ಆ ದೇವರೇ ದೇಹಧಾರಿಯಾಗಿ ಮಾನವರ ನಡುವೆ ನಡೆದಾಡಿದ ಮೇಲೆ, ಕಂಡದ್ದನ್ನು ಚಿತ್ರಿಸಬಾರದೆಂದರೆ ಆ ದೇಹಧಾರಣೆಯನ್ನೇ ಅಲ್ಲಗಳೆದಂತೆ. ಮಗುವಿನ ಕೆನ್ನೆಗೆ ಬಣ್ಣ ಬಳಿಯುವ ಕುಂಚವೂ ಹೀಗೆ ವಿಶ್ವಾಸಪ್ರಮಾಣವನ್ನು ಉಚ್ಚರಿಸುತ್ತದೆ.

787ರಲ್ಲಿ ನಿಸೆಯದಲ್ಲಿ ಸೇರಿದ ಎರಡನೆಯ ಮಹಾಸಭೆಯು ಈ ವಾದವನ್ನು ಎತ್ತಿಹಿಡಿದು ಒಂದು ಭೇದವನ್ನು ಸ್ಪಷ್ಟಪಡಿಸಿತು. ಆರಾಧನೆ ದೇವರೊಬ್ಬರಿಗೇ ಸಲ್ಲತಕ್ಕದ್ದು. ಚಿತ್ರಕ್ಕೆ ಸಲ್ಲುವುದು ಗೌರವದ ವಂದನೆ, ಅದೂ ಚಿತ್ರದಲ್ಲಿ ನಿಲ್ಲದೆ ಚಿತ್ರಿತವಾದ ವ್ಯಕ್ತಿಯನ್ನು ಮುಟ್ಟುತ್ತದೆ. ಗ್ರೀಕಿನಲ್ಲಿ ಇವೆರಡಕ್ಕೂ ಬೇರೆ ಬೇರೆ ಪದಗಳಿವೆ. ಕನ್ನಡದಲ್ಲಿ ನಮ್ಮ ತೊಡಕು ಇಲ್ಲಿಯೇ ಆರಂಭವಾಗುತ್ತದೆ. ಪೀಠದ ಮೇಲೆ ಅರ್ಪಿಸುವುದೂ ಪೂಜೆ, ಪಟಕ್ಕೆ ಹೂ ಏರಿಸುವುದೂ ಪೂಜೆ. ಒಂದೇ ಪದ ಎಲ್ಲವನ್ನೂ ನುಂಗಿಬಿಡುತ್ತದೆ. ಉಪದೇಶ ತರಗತಿಯಲ್ಲಿ 'ಆರಾಧನೆ' ಮತ್ತು 'ವಂದನೆ' ಎಂಬ ಎರಡು ಪದಗಳನ್ನು ಬೇರೆಬೇರೆಯಾಗಿ ಬಳಸುವ ಶಿಸ್ತನ್ನು ಗುರುಗಳು ಪಾಲಿಸಿದರೆ, ನೆರೆಯ ಸುವಾರ್ತಾ ಸಭೆಯ ಸೋದರರು 'ನೀವು ವಿಗ್ರಹ ಪೂಜಿಸುತ್ತೀರಿ' ಎಂದಾಗ ನಮ್ಮ ಜನ ತಬ್ಬಿಬ್ಬಾಗಬೇಕಿಲ್ಲ.

ಅದೇ ಮಹಾಸಭೆಯ ಚರ್ಚೆಯಲ್ಲಿ ಇನ್ನೊಂದು ಅಂಶವಿದೆ. ಪಠ್ಯಗಳು ಇದನ್ನು ಬೇಗ ದಾಟಿಬಿಡುತ್ತವೆ, ಆದರೆ ನಮಗೆ ಇದು ಮುಖ್ಯ. ಕ್ರಿಸ್ತರ ನಿಜವಾದ ಏಕೈಕ ಚಿತ್ರವೆಂದರೆ ಪರಮಪ್ರಸಾದ, ಉಳಿದ ಚಿತ್ರಗಳಿಗೆ ಪವಿತ್ರಗೊಳಿಸುವ ಪ್ರಾರ್ಥನೆಯೂ ಇಲ್ಲ ಎಂದು 754ರಲ್ಲಿ ಸೇರಿದ್ದ ಚಿತ್ರವಿರೋಧಿಗಳ ಸಭೆ ವಾದಿಸಿತ್ತು. ನಿಸೆಯದ ಪಿತೃಗಳು ಎರಡು ಮಾತುಗಳನ್ನೂ ಎದುರಿಸಿದರು. ಪರಮಪ್ರಸಾದವನ್ನು ಚಿತ್ರವೆಂದು ಕರೆಯಲಾಗದು, ಅದು ಕ್ರಿಸ್ತರ ಶರೀರವೇ. ಇನ್ನು ಚಿತ್ರವು ಪವಿತ್ರವಾಗುವುದು ಅದು ಹೊತ್ತಿರುವ ಹೆಸರಿನಿಂದ. ನಮ್ಮ ನಾಡಿನ ದೇಗುಲಗಳಲ್ಲಿ ಪ್ರಾಣಪ್ರತಿಷ್ಠೆಯ ಬಳಿಕವೇ ಮೂರ್ತಿಗೆ ಪೂಜೆ ಸಲ್ಲುತ್ತದೆ. ಐಕಾನಿನಲ್ಲಿ ಅಂತಹ ಪ್ರತಿಷ್ಠೆಯ ಕಲ್ಪನೆಯಿಲ್ಲ. ಅದು ಸಂಬಂಧದಿಂದ ಪವಿತ್ರ, ಒಳಗೆ ನೆಲೆಗೊಂಡ ಶಕ್ತಿಯಿಂದಲ್ಲ. ಬುಧವಾರದ ಸಂಜೆ ಪಟದ ಮುಂದೆ ಮಂಡಿಯೂರಿ, ಪಕ್ಕದಲ್ಲಿರುವ ಪರಮಪ್ರಸಾದ ಪೆಟ್ಟಿಗೆಗೆ ಬೆನ್ನು ಹಾಕಿ ಹೊರನಡೆಯುವುದನ್ನು ಕಂಡಾಗಲೆಲ್ಲ ಈ ಹಳೆಯ ವಾದದ ನೆನಪಾಗುತ್ತದೆ. ದ್ವಿತೀಯ ವ್ಯಾಟಿಕನ್ ಮಹಾಸಭೆಯು ದೈವಾರಾಧನೆಯನ್ನು ಕುರಿತ ಸಂವಿಧಾನದಲ್ಲಿ (ಪರಿಚ್ಛೇದ 125) ದೇವಾಲಯದಲ್ಲಿ ಪವಿತ್ರ ಚಿತ್ರಗಳನ್ನಿಡುವ ಪದ್ಧತಿಯನ್ನು ಉಳಿಸಿಕೊಂಡರೂ, ಅವುಗಳ ಸಂಖ್ಯೆ ಮಿತವಾಗಿರಬೇಕು, ಅವುಗಳ ಸ್ಥಾನದಲ್ಲಿ ಸರಿಯಾದ ಕ್ರಮವಿರಬೇಕು ಎಂದು ವಿಧಿಸಿರುವುದು ಈ ಕಾರಣಕ್ಕೇ.

ಈಗ ಚಿತ್ರದ ಹತ್ತಿರ ಹೋಗೋಣ. ಮೊದಲು ಕಣ್ಣಿಗೆ ಬೀಳುವುದು ಹೊಂಬಣ್ಣ. ಮೈಸೂರು ಶೈಲಿಯ ಸಾಂಪ್ರದಾಯಿಕ ಚಿತ್ರಗಳನ್ನು ಕಂಡವರಿಗೆ ಬಂಗಾರದ ಬಳಕೆ ಹೊಸದಲ್ಲ. ಮುಮ್ಮಡಿ ಕೃಷ್ಣರಾಜ ಒಡೆಯರ ಕಾಲದಲ್ಲಿ ಏಳಿಗೆ ಕಂಡ ಆ ಪರಂಪರೆಯ ಚಿತ್ರಗಾರರು ತೆಳುವಾದ ಲೇಪದಿಂದ ಒಡವೆ, ಕಿರೀಟ, ಸಿಂಹಾಸನಗಳನ್ನು ಸ್ವಲ್ಪ ಉಬ್ಬಿಸಿ ಅದರ ಮೇಲೆ ಚಿನ್ನದ ಹಾಳೆ ಅಂಟಿಸುತ್ತಿದ್ದರು. ಅಲ್ಲಿ ಚಿನ್ನವು ದೇವತೆಯ ಆಭರಣ. ಐಕಾನಿನಲ್ಲಿ ಚಿನ್ನ ಯಾರ ಒಡವೆಯೂ ಅಲ್ಲ. ಅದು ಎಲ್ಲರ ಹಿಂದಿರುವ ಬೆಳಕು. ಆಕಾಶ, ಬೆಟ್ಟ, ಮನೆ ಯಾವುದೂ ಇಲ್ಲದ ಆ ಹಿನ್ನೆಲೆ ದೇವರ ನಿತ್ಯ ಮಹಿಮೆ. ಆದ್ದರಿಂದಲೇ ಐಕಾನಿನಲ್ಲಿ ನೆಲದ ಮೇಲೆ ಬೀಳುವ ನೆರಳಿಲ್ಲ. ಒಂದು ಕಡೆಯಿಂದ ಸೂರ್ಯ ಹೊಳೆದರೆ ತಾನೆ ಇನ್ನೊಂದು ಕಡೆ ನೆರಳು ಬೀಳುವುದು?

ಇದಕ್ಕೆ ವಿರುದ್ಧವಾದ ಮಾದರಿಯನ್ನು ನೋಡಬೇಕಾದರೆ ಮಂಗಳೂರಿನ ಸಂತ ಅಲೋಶಿಯಸ್ ಕಾಲೇಜಿನ ಪ್ರಾರ್ಥನಾಲಯಕ್ಕೆ ಹೋಗಬೇಕು. ಇಟಲಿಯ ಯೇಸುಸಭೆಯ ಸೋದರ ಆಂತೋನಿಯೊ ಮೊಸ್ಕೇನಿ ಅವರು 19ನೆಯ ಶತಮಾನದ ಕೊನೆಯಲ್ಲಿ ಬಂದು ಅದರ ಗೋಡೆ, ಛಾವಣಿಗಳನ್ನೆಲ್ಲ ಚಿತ್ರಗಳಿಂದ ತುಂಬಿದರು. ಅಲ್ಲಿ ದೇಹಗಳಿಗೆ ತೂಕವಿದೆ, ಕಂಬಗಳು ನಿಜವಾದ ಕಂಬಗಳೆಂದು ಕಣ್ಣು ಮೋಸಹೋಗುತ್ತದೆ, ದೂರ ಹೋದಂತೆ ಗೆರೆಗಳು ಒಂದು ಬಿಂದುವಿನಲ್ಲಿ ಕೂಡುತ್ತವೆ. ನಾವು ನಿಂತಲ್ಲಿಂದ ಒಂದು ಕಿಟಕಿಯ ಮೂಲಕ ಇನ್ನೊಂದು ಲೋಕವನ್ನು ನೋಡುತ್ತೇವೆ. ಐಕಾನಿನಲ್ಲಿ ಗೆರೆಗಳ ನಡೆ ಬಹುಮಟ್ಟಿಗೆ ತಿರುವುಮುರುವು. ಆಂದ್ರೇಯ್ ರುಬ್ಲೇವ್ ಅವರ ಪ್ರಸಿದ್ಧ ತ್ರಿತ್ವ ಚಿತ್ರದಲ್ಲಿ ಅಬ್ರಹಾಮನ ಮೂವರು ಅತಿಥಿಗಳ ಪಾದಪೀಠಗಳು ನಮ್ಮಿಂದ ದೂರ ಹೋದಂತೆ ಅಗಲವಾಗುತ್ತವೆ. ಕೂಡುಬಿಂದು ಚಿತ್ರದ ಆಳದಲ್ಲಿಲ್ಲ, ನೋಡುವವನು ನಿಂತಲ್ಲಿದೆ. ಮೊಸ್ಕೇನಿಯವರ ಕೆಲಸ ಕಡಿಮೆಯದೆಂದು ನಾನು ಹೇಳಲಾರೆ. ಬೋಧಿಸಲು, ಕಥೆ ಹೇಳಲು ಅದಕ್ಕಿಂತ ಸಮರ್ಥವಾದ ಗೋಡೆಗಳು ನಮ್ಮ ರಾಜ್ಯದಲ್ಲಿ ಇಲ್ಲ. ಆದರೆ ಐಕಾನ್ ಮಾಡುವ ಕೆಲಸವೇ ಬೇರೆ. ಅದು ನಮ್ಮನ್ನು ನೋಡುತ್ತದೆ.

ಈ ಮಾತು ನಮ್ಮ ಜನರಿಗೆ ವಿವರಿಸದೆಯೂ ಅರ್ಥವಾಗುತ್ತದೆ. ಬಂಡೀಪುರದ ಹಿಮವದ್ ಗೋಪಾಲಸ್ವಾಮಿ ಬೆಟ್ಟವನ್ನು ಮಂಜಿನಲ್ಲಿ ಏರುವ ಭಕ್ತನು 'ದರ್ಶನ'ಕ್ಕೆ ಹೋಗುತ್ತಾನೆ. ನೋಡುವುದರ ಜೊತೆಗೆ ನೋಡಲ್ಪಡುವುದೂ ಆ ಪದದಲ್ಲಿದೆ. ಸಹಾಯ ಮಾತೆಯ ಚಿತ್ರದಲ್ಲಿ ಮಾತೆಯ ಕಣ್ಣುಗಳು ಮಗನ ಮೇಲಿಲ್ಲ, ದೂತರ ಮೇಲಿಲ್ಲ, ನೇರವಾಗಿ ನಮ್ಮ ಮೇಲಿವೆ. ಕಣ್ಣು ದೊಡ್ಡದು, ಬಾಯಿ ಚಿಕ್ಕದು. ಆಕೆ ಮಾತನಾಡುವುದಿಲ್ಲ. ಬಲಗೈಯನ್ನು ಮಾತ್ರ ಮಗನ ಕಡೆಗೆ ಚಾಚಿದ್ದಾಳೆ. ಪೂರ್ವದ ಪರಂಪರೆಯಲ್ಲಿ 'ದಾರಿ ತೋರುವವಳು' ಎಂದು ಹೆಸರಾದ ಚಿತ್ರಪ್ರಕಾರದ ಮುದ್ರೆ ಅದು. ಕಾನಾ ಊರಿನ ಮದುವೆಯಲ್ಲಿ ಆಕೆ ಸೇವಕರಿಗೆ ಹೇಳಿದ್ದನ್ನೇ (ಯೊವಾನ್ನ 2:5) ಇಲ್ಲಿ ಕೈ ಹೇಳುತ್ತದೆ.

ಆ ಕೈ ಖಾಲಿಯಿಲ್ಲ. ಮಗು ತನ್ನ ಎರಡೂ ಕೈಗಳಿಂದ ಅದನ್ನು ಹಿಡಿದುಕೊಂಡಿದೆ, ಆದರೆ ಮುಖವನ್ನು ಹಿಂದಕ್ಕೆ ಹೊರಳಿಸಿ ಬೇರೇನನ್ನೋ ನೋಡುತ್ತಿದೆ. ಏನನ್ನು? ಮೇಲಿನ ಎರಡು ಮೂಲೆಗಳಲ್ಲಿ ಇಬ್ಬರು ಮಹಾದೂತರಿದ್ದಾರೆ. ನಮ್ಮ ಎಡಕ್ಕೆ ಮಿಕಾಯೇಲ್. ಅವನ ಬಳಿ ಈಟಿ, ಸ್ಪಂಜು ಸಿಕ್ಕಿಸಿದ ಕೋಲು, ಹುಳಿರಸದ ಪಾತ್ರೆ. ನಮ್ಮ ಬಲಕ್ಕೆ ಗಾಬ್ರಿಯೇಲ್. ಅವನ ಬಳಿ ಶಿಲುಬೆ ಮತ್ತು ಮೊಳೆಗಳು. ಪವಿತ್ರ ವಸ್ತುಗಳನ್ನು ಹಿಡಿಯುವಂತೆ ಅವರು ಬಟ್ಟೆಯಿಂದ ಮುಚ್ಚಿದ ಕೈಗಳಲ್ಲಿ ಅವುಗಳನ್ನು ಹಿಡಿದಿದ್ದಾರೆ. ಈ ಚಿತ್ರಕ್ಕೆ ಕಲಾ ಇತಿಹಾಸದಲ್ಲಿರುವ ಹೆಸರು ಸಹಾಯ ಮಾತೆ ಎಂದಲ್ಲ, 'ಯಾತನೆಯ ದೇವಮಾತೆ' ಎಂದು. 15ನೆಯ ಶತಮಾನದಲ್ಲಿ ಕ್ರೇಟಿನ ಅಂದ್ರೆಯಾಸ್ ರಿಟ್ಸೋಸ್ ಎಂಬ ಚಿತ್ರಕಾರನು ಈ ಪ್ರಕಾರದ ಚಿತ್ರಗಳಿಂದ ಪ್ರಸಿದ್ಧನಾದ. ಅವುಗಳಲ್ಲಿ ಕೆಲವದರ ಮೇಲೆ ಬರೆದಿರುವ ಸಾಲುಗಳ ತಾತ್ಪರ್ಯ ಹೀಗಿದೆ: ಹಿಂದೆ ಕನ್ಯೆಗೆ ಮಂಗಳವಾರ್ತೆ ತಂದ ದೂತನೇ ಈಗ ಯಾತನೆಯ ಗುರುತುಗಳನ್ನು ತಂದು ತೋರಿಸುತ್ತಿದ್ದಾನೆ, ಮರ್ತ್ಯ ದೇಹವನ್ನು ಧರಿಸಿದ ಕ್ರಿಸ್ತರು ಅವುಗಳನ್ನು ಕಂಡು ಅಳುಕುತ್ತಾರೆ. ಹಾಗಾದರೆ ಗಾಬ್ರಿಯೇಲ್ ಇಲ್ಲಿ ಎರಡನೆಯ ಬಾರಿ ಬಂದಿದ್ದಾನೆ. ಮೊದಲ ಸಲ 'ಆಗಲಿ' ಎಂದ ತಾಯಿ ಈ ಸಲ ಏನೂ ಹೇಳದೆ ನಮ್ಮತ್ತ ನೋಡುತ್ತಾಳೆ.

ಈ ಪ್ರಕಾರದ ಇನ್ನೂ ಹಳೆಯ ಉದಾಹರಣೆ ಸೈಪ್ರಸ್ ದ್ವೀಪದ ಲಗುದೆರಾ ಗ್ರಾಮದ ದೇವಾಲಯದಲ್ಲಿದೆ. ಅಲ್ಲಿನ ಭಿತ್ತಿಚಿತ್ರ ರಚಿತವಾದದ್ದು 1192ರಲ್ಲಿ. ಅದರ ಹಿಂದಿನ ವರ್ಷವಷ್ಟೇ ಇಂಗ್ಲೆಂಡಿನ ದೊರೆ ರಿಚರ್ಡ್ ಆ ದ್ವೀಪವನ್ನು ವಶಪಡಿಸಿಕೊಂಡಿದ್ದ. ಊರು ಪರರ ಪಾಲಾದ ಕಾಲದಲ್ಲಿ ಆ ಜನ ತಾಯಿಯ ಮಡಿಲಿನ ಮಗುವಿನ ಸುತ್ತ ಈಟಿ, ಶಿಲುಬೆಗಳನ್ನು ಬರೆಸಿಕೊಂಡರು.

ಬೋಧನಾಪೀಠದಲ್ಲಿ ಈ ಅಂಶಕ್ಕೆ ಸಲ್ಲಬೇಕಾದ ಗಮನ ಸಲ್ಲುತ್ತಿಲ್ಲ ಎಂಬುದು ನನ್ನ ಅಭಿಪ್ರಾಯ. ಕಾಡಂಚಿನ ರೈತನು ಅಟ್ಟಣೆಯ ಮೇಲೆ ರಾತ್ರಿಯೆಲ್ಲ ಕುಳಿತು ಬೆಳೆ ಕಾಯುತ್ತಾನೆ. ಆನೆ ಬಂದರೆ ಬಾಳೆಯ ತೋಟ ಒಂದೇ ರಾತ್ರಿಗೆ ಮುಗಿಯುತ್ತದೆ. ಹುಲಿ ಹಸುವನ್ನು ಹೊತ್ತೊಯ್ಯುತ್ತದೆ. ಕೆಲವೊಮ್ಮೆ ಮನುಷ್ಯನೇ ಮನೆಗೆ ಮರಳುವುದಿಲ್ಲ. ಇಂತಹ ಮನೆಯಿಂದ ಬಂದ ಹೆಂಗಸು ಬುಧವಾರ ಪಟದ ಮುಂದೆ ನಿಂತು 'ಸಹಾಯ' ಕೇಳುತ್ತಾಳೆ. 'ಕೇಳಿದರೆ ಮಾತೆ ಕೊಡುತ್ತಾಳೆ' ಎಂಬುದಷ್ಟೇ ನಮ್ಮ ಪ್ರಬೋಧನೆಯಾದರೆ, ಕೇಳಿಯೂ ಸಿಗದವಳು ತನ್ನ ವಿಶ್ವಾಸದಲ್ಲೇ ಏನೋ ಕೊರತೆಯಿದೆಯೆಂದು ತಿಳಿದು ತಲೆತಗ್ಗಿಸಿ ಹೋಗುತ್ತಾಳೆ. ಚಿತ್ರ ಹೇಳುವುದು ಅದನ್ನಲ್ಲ. ಚಿತ್ರದಲ್ಲಿ ಮಾತೆಯು ಈಟಿಯನ್ನು ಕಿತ್ತೆಸೆಯುವುದಿಲ್ಲ, ದೂತರನ್ನು ಓಡಿಸುವುದಿಲ್ಲ. ಮಗನ ಪಾಲಿಗೆ ಬಂದದ್ದನ್ನು ತಡೆಯುವ ಶಕ್ತಿ ಆಕೆಗಿಲ್ಲ. ಆದರೆ ಕೈ ಬಿಟ್ಟಿಲ್ಲ. ತಂದೆಯ ಸಂಕಲ್ಪ ಶಿಲುಬೆಯನ್ನು ದಾಟಿ ಪುನರುತ್ಥಾನಕ್ಕೆ ಹೋಗುತ್ತದೆಂಬುದನ್ನು ಹಿಂದಿರುವ ಹೊಂಬಣ್ಣ ಹೇಳುತ್ತದೆ. ಯಾತನೆಯ ಆಯುಧಗಳನ್ನೂ ಅದೇ ಬೆಳಕಿನೊಳಗೆ ಬರೆಯಲಾಗಿದೆ. ವರಗಳನ್ನು ಬೇಡಬಾರದೆಂದು ನಾನು ಹೇಳುತ್ತಿಲ್ಲ. ಮಳೆ, ಆರೋಗ್ಯ, ಮಗಳ ಮದುವೆ, ಎಲ್ಲವನ್ನೂ ಬೇಡಲಿ. ಸಿಗದಿದ್ದಾಗಲೂ ನಿಲ್ಲಲು ಒಂದು ಜಾಗವನ್ನು ಈ ಚಿತ್ರ ಕೊಡುತ್ತದೆಂಬುದನ್ನು ಗುರುಗಳಾದ ನಾವು ಹೇಳಬೇಕು.

ಇನ್ನು ಮಗುವಿನ ಕಾಲಿನಿಂದ ಕಳಚಿ ಜೋಲುತ್ತಿರುವ ಪಾದರಕ್ಷೆಯ ವಿಷಯ. ಶಿಲುಬೆಯನ್ನು ಕಂಡು ಹೆದರಿದ ಬಾಲಯೇಸು ತಾಯಿಯ ಬಳಿಗೆ ಓಡಿಬಂದಾಗ ಅದು ಸಡಿಲವಾಯಿತೆಂಬುದು ಜನಪ್ರಿಯ ವಿವರಣೆ. ಕಥೆ ಮುದ್ದಾಗಿದೆ, ಮಕ್ಕಳಿಗೆ ಹೇಳಲು ಅಡ್ಡಿಯಿಲ್ಲ. ಆದರೆ ಬೈಬಲ್ಲಿನಲ್ಲಿ ಪಾದರಕ್ಷೆಗೆ ಗಂಭೀರವಾದ ಅರ್ಥಗಳಿವೆ. ರೂತಳ ಗ್ರಂಥದಲ್ಲಿ (4:7) ಜಮೀನು ಬಿಡಿಸಿಕೊಳ್ಳುವ ಹಕ್ಕನ್ನು ವರ್ಗಾಯಿಸುವವನು ಕಾಲಿನ ಜೋಡನ್ನು ಕಳಚಿ ಕೊಡುತ್ತಾನೆ. ಆ ಹಕ್ಕಿನಿಂದಲೇ ಬೋವಜನು ರೂತಳಿಗೆ ಉದ್ಧಾರಕನಾಗುತ್ತಾನೆ. ಸ್ನಾನಿಕ ಯೊವಾನ್ನರು ತಾನು ಬಿಚ್ಚಲೂ ಯೋಗ್ಯನಲ್ಲವೆಂದ ಪಾದರಕ್ಷೆಯ ದಾರದಲ್ಲಿ (ಯೊವಾನ್ನ 1:27) ಕೆಲವು ಪಿತೃಗಳು ದೇವಪುತ್ರನು ತೊಟ್ಟ ಮಾನವ ಸ್ವಭಾವದ ರಹಸ್ಯವನ್ನು ಕಂಡಿದ್ದಾರೆ. ನಮ್ಮ ಹಳ್ಳಿಯ ದೇವಾಲಯಗಳಲ್ಲಿ ಚಪ್ಪಲಿಯನ್ನು ಬಾಗಿಲಲ್ಲಿಯೇ ಬಿಟ್ಟು ಒಳಬರುವ ಜನರಿಗೆ ಇನ್ನೊಂದು ಅರ್ಥ ತಾನಾಗಿಯೇ ಹೊಳೆದೀತು: ಉರಿಯುವ ಪೊದೆಯ ಮುಂದೆ ಮೋಶೆಯು ಕಾಲಿನದನ್ನು ಕಳಚಿದ (ವಿಮೋಚನಾಕಾಂಡ 3:5), ಉರಿದರೂ ಸುಟ್ಟುಹೋಗದ ಆ ಪೊದೆಯನ್ನು ಪೂರ್ವದ ಧರ್ಮಸಭೆ ದೇವಮಾತೆಯ ಮುಂಗುರುತೆಂದು ಹಾಡುತ್ತದೆ. ಇವುಗಳಲ್ಲಿ ಒಂದನ್ನೇ ಆರಿಸಿ ಉಳಿದವನ್ನು ತಪ್ಪೆನ್ನಬೇಕಾಗಿಲ್ಲ.

ಬಣ್ಣಗಳ ವಿಷಯದಲ್ಲಿ ಮಾತ್ರ ಎಚ್ಚರ ಬೇಕು. ಕೆಂಪು ಎಂದರೆ ದೈವತ್ವ, ನೀಲಿ ಎಂದರೆ ಮಾನವತ್ವ ಎಂದು ಪಟ್ಟಿ ಮಾಡಿಕೊಡುವ ಕೈಪಿಡಿಗಳಿವೆ. ಬೈಜಾಂಟೈನ್ ಚಿತ್ರಗಳಲ್ಲಿ ಮಾತೆಗೆ ಸಾಮಾನ್ಯವಾಗಿ ಒಳಗೆ ನೀಲಿ ಅಂಗಿ, ಮೇಲೆ ಕೆಂಪು ಮೇಲುಹೊದಿಕೆ. ಮಾನವಳಾದವಳನ್ನು ದೈವಕೃಪೆ ಆವರಿಸಿತೆಂದು ಅದನ್ನು ವಿವರಿಸುತ್ತಾರೆ. ಆದರೆ ನಮ್ಮ ಈ ಚಿತ್ರದಲ್ಲೇ ಅದು ತಲೆಕೆಳಗಾಗಿದೆ: ಒಳಗೆ ಕೆಂಪು, ಮೇಲೆ ಗಾಢ ನೀಲಿ. ಸಂಕೇತವು ಗಣಿತದ ಸೂತ್ರವಲ್ಲ. ಬಣ್ಣ, ಮುದ್ರೆ, ನೋಟ, ಹೆಸರು ಎಲ್ಲವೂ ಕೂಡಿ ಒಂದು ವಾಕ್ಯವಾಗುತ್ತದೆ. ಒಂದು ಪದವನ್ನು ಕಿತ್ತು ನಿಘಂಟಿನಲ್ಲಿ ಹುಡುಕಿದರೆ ವಾಕ್ಯದ ಅರ್ಥ ಸಿಗದು. ಮಾತೆಯ ಹಣೆಯ ಮೇಲಿನ ನಕ್ಷತ್ರಕ್ಕೂ ಇದೇ ಮಾತು ಅನ್ವಯ.

ಗುಂಡ್ಲುಪೇಟೆಯಿಂದ ಬಂಡೀಪುರದ ಕಾಡನ್ನು ದಾಟಿ ಸುಲ್ತಾನ್ ಬತ್ತೇರಿಗೆ ಹೋದರೆ ಇನ್ನೊಂದು ದೃಶ್ಯಪರಂಪರೆ ಎದುರಾಗುತ್ತದೆ. ವಯನಾಡಿನ ಸುರಿಯಾನಿ ಕ್ರೈಸ್ತರ ಪೂರ್ವಿಕ ಪದ್ಧತಿಯಲ್ಲಿ ಸ್ವರೂಪಗಳಿಗಿಂತ ಶಿಲುಬೆಗೆ ಪ್ರಾಧಾನ್ಯ, ಅದೂ ದೇಹವಿಲ್ಲದ, ಬುಡದಲ್ಲಿ ಚಿಗುರು ಒಡೆದ ಶಿಲುಬೆಗೆ. 2010ರಲ್ಲಿ ಮಂಡ್ಯದಲ್ಲಿ ಸಿರೋ-ಮಲಬಾರ್ ಧರ್ಮಪ್ರಾಂತ್ಯ ಸ್ಥಾಪನೆಯಾದ ಮೇಲೆ ಆ ಪರಂಪರೆ ನಮ್ಮ ಜಿಲ್ಲೆಗಳಿಗೂ ನೆರೆಯದಾಗಿದೆ. ಇತ್ತ ನಮ್ಮ ಲತೀನ್ ಪದ್ಧತಿಯಲ್ಲಿ ಸ್ವರೂಪಗಳದೇ ಮೇಲುಗೈ. ರೈತನೊಬ್ಬ ಉಳುವಾಗ ಹೊಲದಲ್ಲಿ ದೊರೆತ ಸಂತ ಅಂತೋಣಿಯವರ ಸ್ವರೂಪವೆಂದು ಪ್ರತೀತಿಯಿರುವ ಡೋರ್ನಹಳ್ಳಿಗೆ ಎಲ್ಲ ಮತದವರೂ ಬರುತ್ತಾರೆ. ಈ ಎರಡರ ನಡುವೆ ಸಹಾಯ ಮಾತೆಯ ಪಟ ಸೇತುವೆಯಂತಿದೆ. ಇದನ್ನು ಬಳಸಿಕೊಳ್ಳುವ ಅವಕಾಶ ಗುರುಮಠಗಳಿಗಿದೆ.

ಕನ್ನಡ ನಾಡಿನದೇ ಆದ ಕ್ರೈಸ್ತ ಚಿತ್ರಭಾಷೆಯ ಪ್ರಯತ್ನಗಳೂ ನಡೆದಿವೆ. 1967ರಲ್ಲಿ ಬೆಂಗಳೂರಿನಲ್ಲಿ ಅಮಲೋರ್ಪವದಾಸ್ ಸ್ವಾಮಿಗಳ ನೇತೃತ್ವದಲ್ಲಿ ಆರಂಭವಾದ ರಾಷ್ಟ್ರೀಯ ಬೈಬಲ್, ಧರ್ಮೋಪದೇಶ ಮತ್ತು ದೈವಾರಾಧನಾ ಕೇಂದ್ರದಲ್ಲಿಯೂ, ಅವರೇ ಮೈಸೂರಿನಲ್ಲಿ ಕಟ್ಟಿದ ಅಂಜಲಿ ಆಶ್ರಮದಲ್ಲಿಯೂ ದೀಪ, ಕಮಲ, ಕಲಶಗಳು ಕ್ರೈಸ್ತ ಅರ್ಥವನ್ನು ಹೊತ್ತವು. ಬೆಂಗಳೂರಿನ ಹೊರವಲಯದ ಸಿಲ್ವೆಪುರದಲ್ಲಿ ನೆಲೆಸಿದ ಜ್ಯೋತಿ ಸಾಹಿ ಅವರ ಕೃತಿಗಳು ಇದೇ ಹಾದಿಯವು. ಇವು ಐಕಾನ್‌ಗಳಲ್ಲ, ಧ್ಯಾನಚಿತ್ರಗಳು. ವಿಶ್ವಾಸಿಗಳ ಮನೆಗೋಡೆಯನ್ನು ಇವು ಇನ್ನೂ ತಲುಪಿಲ್ಲವೆಂಬುದು ನಿಜ. ಮುದ್ರಿತ ಕ್ಯಾಲೆಂಡರಿನ ಚಿತ್ರವೇ ಅಲ್ಲಿ ಆಳುತ್ತಿದೆ.

ಆದ್ದರಿಂದ ಕೊನೆಗೆ ಆ ಮುದ್ರಿತ ಪಟದ ಬಗ್ಗೆಯೇ ಒಂದು ಮಾತು. ಐಕಾನಿಗೆ ಹೆಸರು ಅವಶ್ಯಕ. ಸ್ತುದಿಯೋನ್ ಮಠದ ಸಂತ ಥಿಯೊದೋರರು ಕಲಿಸಿದಂತೆ ಚಿತ್ರ ತೋರಿಸುವುದು ದೈವ ಸ್ವಭಾವವನ್ನೋ ಮಾನವ ಸ್ವಭಾವವನ್ನೋ ಬೇರ್ಪಡಿಸಿ ಅಲ್ಲ, ಎರಡನ್ನೂ ಹೊತ್ತ ಒಬ್ಬ ವ್ಯಕ್ತಿಯನ್ನು. ವ್ಯಕ್ತಿಯನ್ನು ಗುರುತಿಸುವುದು ಹೆಸರು. ಮೂಲ ಚಿತ್ರದಲ್ಲಿ ಮಾತೆಯ ಮುಖದ ಇಕ್ಕೆಲದಲ್ಲಿರುವ ಗ್ರೀಕ್ ಅಕ್ಷರಗಳು 'ದೇವರ ಮಾತೆ' ಎಂಬುದರ ಸಂಕ್ಷೇಪ. 431ರಲ್ಲಿ ಎಫೆಸದ ಮಹಾಸಭೆ ಎತ್ತಿಹಿಡಿದ ವಿಶ್ವಾಸ ಅದು. ಮಗುವಿನ ಬಳಿ ಯೇಸುಕ್ರಿಸ್ತ ಎಂದಿದೆ, ದೂತರ ಮೇಲೂ ಅವರವರ ಹೆಸರಿದೆ. ಈಗ ಉತ್ಸವಕ್ಕೆಂದು ಮಾಡಿಸುವ ಫ್ಲೆಕ್ಸ್‌ಗಳಲ್ಲಿ ಮುಖ ದೊಡ್ಡದಾಗಿ ಕಾಣಲೆಂದು ಮೇಲಿನ ಎರಡು ಮೂಲೆಗಳನ್ನು ಕತ್ತರಿಸಿಬಿಡುತ್ತಾರೆ. ದೂತರೂ ಹೋದರು, ಶಿಲುಬೆಯೂ ಹೋಯಿತು, ಅಕ್ಷರಗಳೂ ಹೋದವು. ಉಳಿದದ್ದು ತಾಯಿ ಮಗುವಿನ ಒಂದು ಚೆಂದದ ಚಿತ್ರ, ಮಗು ಏನನ್ನು ನೋಡಿ ಅಳುಕಿತೆಂಬುದೇ ತಿಳಿಯದ ಚಿತ್ರ. ಧರ್ಮಕೇಂದ್ರದ ಗುರುಗಳು ಮುದ್ರಣಕ್ಕೆ ಕೊಡುವಾಗ ಚಿತ್ರ ಇಡಿಯಾಗಿರಬೇಕೆಂದು ಹೇಳಲಿ. ಗ್ರೀಕ್ ಅಕ್ಷರಗಳನ್ನು ಅಳಿಸದೆ, ಅವುಗಳ ಕೆಳಗೆ ಸಣ್ಣದಾಗಿ 'ದೇವಮಾತೆ', 'ಯೇಸುಕ್ರಿಸ್ತ', 'ಮಿಕಾಯೇಲ್', 'ಗಾಬ್ರಿಯೇಲ್' ಎಂದು ಕನ್ನಡದಲ್ಲಿ ಬರೆಸಲಿ. ಕೆಳಅಂಚಿನಲ್ಲಿ ದಾನಿಗಳ ಹೆಸರಿಗೆ ಹೇಗೂ ಜಾಗ ಮಾಡಿಕೊಡುತ್ತೇವೆ.